ಕಡುನೀಲಿಯ ಕೆಳಗೊಂದು ಗೆರೆ

ಕಡುನೀಲಿ ಕಪ್ಪಲ್ಲ ಎಂದು ನಾನೊಮ್ಮೆ ಇಡೀ ಮಧ್ಯಾಹ್ನ ವಾದಿಸಿ ಸೋತಿದ್ದೇನೆ. ಉದಗೀರದ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಬೇಸರ ಬಂದವಳು ನಾನು. ಪರವಾಗಿ ಮಾತಾಡು ಎಂದರೂ ಸೈ, ವಿರುದ್ಧ ಎಂದರೂ ಸೈ. ಆದ್ದರಿಂದ ಸೋಲನ್ನು ಒಪ್ಪಿಕೊಳ್ಳುವಾಗಲೂ, ನನ್ನ ವಾದದಲ್ಲಿ ಅರ್ಧ ಸತ್ಯವಿತ್ತು ಎಂದು ದಾಖಲಿಸಿಯೇ ಮುಂದೆ ಹೋಗುತ್ತೇನೆ.

ವಲಾಂಡಿಯಲ್ಲಿರುವ ನನ್ನ ಕಾಕಾ ಸುತ್ತಲಿನ ಎಷ್ಟೋ ಮನೆಗಳಿಗೆ ಅಯ್ಯನವರು. ಲಿಂಗಧಾರಣೆ, ವಾಸ್ತು, ಮದುವೆ, ಏನಿದ್ದರೂ ಅವರಿಗೆ ಕರೆ. ಕಣ್ಣಿಗೆ ವಯಸ್ಸಾಗಿದೆ. ಆದರೂ ಯಾವ ದಿನ ಯಾವ ಊರು ಎಂಬುದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವುದು ಅವರಿಗೆ ಆಗದು. “ಮಂದಿ ಓದಿ ಹೇಳೋ ದಿನ ಬಂತಂದ್ರ, ನಾ ಜೋಳಿಗಿ ಗೂಟಕ್ಕ ಹಾಕಿ ಕೂಡ್ತೀನಿ” ಎನ್ನುತ್ತಾರೆ.

ವೆಬ್‌ಪುಟ ಮಾಡುವುದು ನನ್ನ ಉದ್ಯೋಗ. ಕಾಕಾನ ಫೋನಿಗೂ ಒಂದು ಪುಟ ಮಾಡಿಕೊಟ್ಟೆ. ಬಿಳಿ ಹಿನ್ನೆಲೆ, ದಪ್ಪ ಅಕ್ಷರ, ಊರುಗಳ ಹೆಸರು ಕಪ್ಪಿನಲ್ಲಿ. ಕರೆದ ಮನೆಯವರು ಯಾರಾದರೂ ಅದರಲ್ಲಿ ವೇಳೆ ಬದಲಿಸಿದರೆ ಆ ಊರಿನ ಹೆಸರು ಕಡುನೀಲಿಯಾಗುತ್ತದೆ. ಒತ್ತಿದರೆ ಹೊಸ ವೇಳೆ ಕಾಣುತ್ತದೆ. ಕಣ್ಣು ಮಂದವಾದವರಿಗೂ ಓದಲು ಬರುವಂತೆ ಪುಟ ಕಟ್ಟುವ ಶಾಸ್ತ್ರವೊಂದಿದೆ. ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಅಂತರವಿರಲಿ ಎನ್ನುತ್ತದೆ ಅದು. ತಿಳಿನೀಲಿ ಬಿಳಿಯಲ್ಲಿ ಕರಗುತ್ತದೆ, ಕಡುನೀಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಳೆಯುವ ತಂತ್ರಾಂಶವೂ ಪಾಸು ಮಾಡಿತು. ಲಿಂಕಿನ ಕೆಳಗೆ ತಾನಾಗಿಯೇ ಬರುವ ಗೆರೆ ಮಾತ್ರ ನನಗೆ ಹಳೇ ಕಾಲದ್ದು ಅನ್ನಿಸಿತು. ತೆಗೆದುಹಾಕಿದೆ. ಪುಟ ಬಲು ಲಕ್ಷಣವಾಗಿ ಕಂಡಿತು, ನನಗೆ.

ಮುಂದಿನ ವಾರ ಔರಾದ ಶಹಾಜನಿಯ ಒಂದು ಮನೆಯವರು ಕೂಸಿನ ಲಿಂಗಧಾರಣೆಯನ್ನು ಮಧ್ಯಾಹ್ನದಿಂದ ಮುಂಜಾನೆಗೆ ತಂದರು. ಪುಟದಲ್ಲಿ ಔರಾದ ನೀಲಿಯಾಯಿತು. ಕಾಕಾ ಮುಂಜಾನೆ ಫೋನಿನ ಸದ್ದು ನಿಲ್ಲಿಸಿ ಮನೆಯ ಪೂಜೆಗೆ ಕೂತವರು, ಎದ್ದು ಪುಟವನ್ನೊಮ್ಮೆ ನೋಡಿ, ನಿಶ್ಚಿಂತರಾಗಿ ಮೂರು ಗಂಟೆಗೆ ಅಲ್ಲಿ ಮುಟ್ಟಿದರು. ಮನೆಮಂದಿಯೆಲ್ಲ ಊಟಕ್ಕೆ ಕೂಡದೆ ಕಾದಿದ್ದರು. ಕೂಸು ಅತ್ತು ಅತ್ತು ಮಲಗಿತ್ತು. ಬೈಯುವ ಬದಲು ಕಾಲಿಗೆ ನೀರು ಕೊಟ್ಟು ಒಳಗೆ ಕರೆದರಂತೆ. ಕಾಕಾನಿಗೆ ಚುಚ್ಚಿದ್ದು ಅದೇ.

ನಾನು ವಲಾಂಡಿಗೆ ಹೋದಾಗ ಫೋನನ್ನು ನನ್ನ ಮುಂದಿಟ್ಟರು.

“ತಗೋ ವಕೀಲಬಾಯಿ. ನನಗ ನಕೋ ಇದು. ಇನ್ನ ಮಂದೀನ್ನೇ ಕೇಳ್ಕೋತ ಹೋಗ್ತೀನಿ.”

“ಬದಲಾದದ್ದು ನೀಲಿ ಮಾಡಿದ್ನಲ್ರೀ ಕಾಕಾ.”

“ಎಲ್ಲಿ ಅದ ನೀಲಿ? ಎಲ್ಲಾ ಕರೀದೇ ಅದ.”

ಕಣ್ಣು ತೋರಿಸಿಕೊಳ್ಳಿ ಎಂದೆ. ಮಾತು ಮುಗಿದಾಗ ತೀರ್ಪುಗಾರರ ಕಿವಿಯನ್ನು ದೂರುವುದು ಚರ್ಚಾಪಟುಗಳ ಹಳೆಯ ಚಾಳಿ. ಸಾಲದ್ದಕ್ಕೆ ಕಾಕಾನ ಹೆಂಡತಿ ಕಾಕೂವನ್ನು ಸಾಕ್ಷಿಗೆ ಕರೆದೆ. ಆಕೆ ಇಂದಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು. ಫೋನನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ಇದೂ ಕರಿ, ಅದೂ ಕರಿ. ನಿನ್ನ ನೀಲಿ ಉದಗೀರದಾಗೇ ಬಿಟ್ಟು ಬಂದೀ ಏನ?”

ಕಡುನೀಲಿ ಬೇರೆ, ಕಪ್ಪು ಬೇರೆ ಎಂದು ನಾನು ಬೆಳಕಿನ ವಿಜ್ಞಾನದಿಂದಲೇ ಶುರುಮಾಡಿದೆ. ಕಾಕಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು: “ನೀಲಕಂಠ ಅಂತೀವಿ, ಕಾಳಕಂಠ ಅಂತೀವಿ. ಶಿವ ಒಬ್ಬನೇ, ಕೊರಳೂ ಒಂದೇ. ಅಂವಗೇ ಇರಲಾರದ ತಕರಾರು ನಿನಗ್ಯಾಕ?”

ದೇವರನ್ನು ಅಷ್ಟಾಗಿ ನಂಬದ ನನಗೂ ಆ ಏಟು ಸರಿಯಾಗಿ ಬಿತ್ತು. ಆಗ ಹೊಳೆಯಿತು: ನನ್ನ ತಂತ್ರಾಂಶ ಅಳೆದದ್ದು ನೀಲಿಗೂ ಬಿಳಿಗೂ ಇರುವ ಅಂತರವನ್ನು. ನೀಲಿಯನ್ನು ಬಿಳಿಯೆಂದು ತಿಳಿದವರು ಯಾರೂ ಇರಲಿಲ್ಲ. ಅದು ಬೇರೆಯಾಗಿ ಕಾಣಬೇಕಿದ್ದದ್ದು ಪಕ್ಕದ ಕಪ್ಪು ಅಕ್ಷರಗಳಿಂದ. ಸ್ಪರ್ಧೆಗೇ ಬಾರದ ಎದುರಾಳಿಯನ್ನು ಸೋಲಿಸಿ, ನಾನು ಬಹುಮಾನ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಕಾಕೂ ಗೋಡೆಯ ಮಾಡದಿಂದ ಕಾಕಾನ ಪಂಚಾಂಗ ತಂದು ಬಿಚ್ಚಿಟ್ಟಳು. ಬದಲಾದ ದಿನಗಳ ಕೆಳಗೆಲ್ಲ ಗೆರೆ. ಒಂದು ಕೆಂಪು, ಒಂದು ಹಸಿರು, ಒಂದು ಬರೀ ಪೆನ್ಸಿಲಿನದು. “ಬಣ್ಣ ಯಾವ ಪೆನ್ನು ಸಿಗ್ತದ ಅದರದು. ಇವರು ನೋಡೋದು ಗೆರಿ” ಎಂದಳು.

ನಾನು ಹಳೇ ಕಾಲದ್ದೆಂದು ಕಿತ್ತುಹಾಕಿದ ಗೆರೆಯನ್ನು ಕಾಕಾ ಹರೆಯದಿಂದಲೂ ಎಳೆಯುತ್ತ ಬಂದಿದ್ದರು. ಅದನ್ನು ಮರಳಿ ತರಲು ಹೊಸದಾಗಿ ಏನನ್ನೂ ಬರೆಯಬೇಕಿರಲಿಲ್ಲ. ಅದನ್ನು ತೆಗೆಯಲೆಂದು ನಾನು ಬರೆದಿದ್ದ ಒಂದು ಸಾಲನ್ನು ಅಳಿಸಿದರೆ ಸಾಕಿತ್ತು; ಅಳಿಸಿದೆ. ಕಡುನೀಲಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕಾಕಾ ಫೋನನ್ನು ಕಣ್ಣ ಹತ್ತಿರ ಹಿಡಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂದು ಕಡೆ ನಿಂತು, ಒತ್ತಿತು.

“ನಿಲಂಗಾ. ನಾಳಿ ಹತ್ತಕ್ಕಿದ್ದದ್ದು ಎಂಟಕ್ಕ ಬಂದದ.”

ಯಾರೂ ಓದಿ ಹೇಳಿರಲಿಲ್ಲ. ಫೋನು ಜೋಳಿಗೆಯೊಳಗೆ ಹೋಯಿತು, ಜೋಳಿಗೆ ಹೆಗಲಿಗೆ.

ಮರುದಿನ ಮುಂಜಾನೆ ಇಬ್ಬರೂ ನಿಲಂಗಾ ಬಸ್ಸಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. “ಅದು ಈಗೂ ಕಡುನೀಲಿನೇ ಅದರೀ ಕಾಕಾ” ಎಂದೆ.

“ಇರ್ಲಿ ಬಿಡು. ಗೆರಿ ನನಗಾಯ್ತು, ನೀಲಿ ನಿನ್ನ ಸಮಾಧಾನಕ್ಕಾಯ್ತು.”

ಇದಕ್ಕೆ ನನ್ನ ಬಳಿ ಮೂರು ಉತ್ತರಗಳಿದ್ದವು. ಮೊದಲನೆಯದನ್ನು ತೆಗೆಯುವಷ್ಟರಲ್ಲಿ ಬಸ್ಸು ಬಂತು. ಅದರ ಹಣೆಯ ಫಲಕವನ್ನು ತಾವೇ ಓದಿಕೊಂಡು ಕಾಕಾ ಹತ್ತಿಬಿಟ್ಟರು.