ನಲವತ್ತಾರರ ಕಳಸಗಿತ್ತಿ

ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುವ ಕಾಲದಲ್ಲಿ, ನಲವತ್ತಾರು ತುಂಬಿದ ಮೇಲೆ, ನಾನು ಬ್ರೈಡ್ಸ್‌ಮೇಡ್ ಆದೆ. ನಗಬೇಡಿ. ಮದುಮಗಳು ನನಗಿಂತ ಒಂದು ವರ್ಷ ದೊಡ್ಡವಳು.

ಈ ಪದವಿಯನ್ನು ನನಗೆ ದಯಪಾಲಿಸಿದವಳು ಮದುಮಗನ ತಂಗಿಯ ಮಗಳು, ಸೂರತ್ತಿನ ಕಾಲೇಜು ಹುಡುಗಿ. ಸಮುದ್ರದ ದಂಡೆಯ ಮದುವೆ ಎಂದ ಮೇಲೆ ಬ್ರೈಡ್ಸ್‌ಮೇಡ್‌ಗಳು ಇರಲೇಬೇಕೆಂದು ಅವಳೇ ಕಾನೂನು ಮಾಡಿದಳು. ತನ್ನ ಗೆಳತಿಯರ ಸಾಲಿಗೆ ನನ್ನನ್ನೂ ಸೇರಿಸಿ, ಎಲ್ಲರಿಗೂ ಒಂದೇ ನಮೂನೆಯ ಪಾಚಿಬಣ್ಣದ ಸೀರೆ ತರಿಸಿದಳು. ಆ ಹುಡುಗಿಯರ ಮೈಮೇಲೆ ಅದು ಸಮುದ್ರದ ಬಣ್ಣವಾಗಿ ಕಾಣುತ್ತಿತ್ತು. ನನ್ನ ಮೈಮೇಲೆ ನಾನು ಕೆಲಸ ಮಾಡುವ ಬ್ಯಾಂಕಿನ ಕಿಟಕಿ ಪರದೆಯಾಗಿ ಕಾಣುತ್ತಿತ್ತು. "ನನ್ನ ಕೆಲಸ ಏನಮ್ಮ?" ಎಂದು ಹಿಂದಿಯಲ್ಲಿ ಕೇಳಿದೆ. "ಕುಛ್ ನಹೀ ಆಂಟಿ, ಬಸ್ ಫೋಟೋ ಮೇ ಹಸ್‌ನಾ ಹೈ" ಎಂದಳು; ಫೋಟೋದಲ್ಲಿ ನಕ್ಕರೆ ಸಾಕಂತೆ.

ನಮ್ಮ ದಾವಣಗೆರೆ ಕಡೆ ಈ ಹುದ್ದೆಗೆ ಕಳಸಗಿತ್ತಿ ಎನ್ನುತ್ತಾರೆ. ತೆಂಗಿನಕಾಯಿ ಇಟ್ಟ ಕಳಸ ಹಿಡಿದು ಮದುಮಗಳ ಪಕ್ಕದಲ್ಲಿ ನಿಲ್ಲುವ ಹುಡುಗಿ ಅವಳು. ಮದುವೆಯ ಅಷ್ಟೂ ಫೋಟೋಗಳಲ್ಲಿ ಇರುತ್ತಾಳೆ, ಆದರೆ ಅರ್ಧ ಮುಖ ಮಾವಿನೆಲೆಯ ಹಿಂದೆ. ಸಂಬಳವಾಗಿ ಒಂದು ರವಿಕೆ ಕಣ ಮತ್ತು ತೋಳುನೋವು ಸಿಗುತ್ತದೆ. ಚಿಕ್ಕವಳಿದ್ದಾಗ ಚಿಕ್ಕಪ್ಪನ ಮದುವೆಯಲ್ಲಿ ನಾನು ಈ ಕೆಲಸಕ್ಕೆ ನೇಮಕಗೊಂಡು, ನಿಂತಲ್ಲೇ ತೂಕಡಿಸಿ, ಕಳಸದ ನೀರನ್ನೆಲ್ಲ ಪುರೋಹಿತರ ಬೆನ್ನಿಗೆ ಸುರಿದಿದ್ದೆ. ಆಮೇಲೆ ಯಾರೂ ಕರೆದಿರಲಿಲ್ಲ. ಹಾಗಾಗಿ ಇದು ಒಂದು ರೀತಿಯಲ್ಲಿ ಪುನರ್ನೇಮಕ.

ಮದುಮಗಳು ಜಯಂತಿ. ವಡೋದರಾದಲ್ಲಿ ಅವಳಪ್ಪ ಬಿಟ್ಟುಹೋದ ಉಡುಪಿ ಹೋಟೆಲನ್ನು ಒಬ್ಬಳೇ ನಡೆಸುವವಳು. ನಾನು ಮದುವೆಯಾಗಿ ಆ ಊರಿಗೆ ಬಂದ ಹೊಸತರಲ್ಲಿ, ಮಾತಾಡಲು ಜನರಿಲ್ಲದೆ ಒಣಗುತ್ತಿದ್ದಾಗ, ಒಂದು ಮಧ್ಯಾಹ್ನ ಆ ಹೋಟೆಲಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಬ್ಬ ಹುಡುಗಿ ಅಡುಗೆಯವನನ್ನು ಕನ್ನಡದಲ್ಲಿ ಬೈಯುತ್ತಿದ್ದಳು: "ಹಿಟ್ಟಿಗೆ ಇಷ್ಟು ನೀರು ಹಾಕಿದ್ದೀಯಲ್ಲ, ಇದು ದೋಸೆ ಹೊಯ್ಯಲಿಕ್ಕಾ, ಸ್ನಾನ ಮಾಡ್ಲಿಕ್ಕಾ?" ಆ ಬೈಗುಳ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ನಾವು ಗೆಳತಿಯರು.

ಅವಳನ್ನು ಮೆಚ್ಚಿದವರು ಭರತಭಾಯಿ. ಸೂರತ್ತಿನ ಕೈಗಾರಿಕಾ ಬಡಾವಣೆ ಸಚಿನ್‌ನಲ್ಲಿ ಸೀರೆಗೆ ಬಣ್ಣ ಹಾಕುವ ಕಾರ್ಖಾನೆ ಅವರದು; ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕೆಲಸದ ಮೇಲೆ ವಡೋದರಾಕ್ಕೆ ಬಂದಾಗಲೆಲ್ಲ ಅವಳ ಹೋಟೆಲಿನಲ್ಲೇ ತಿನ್ನುತ್ತಿದ್ದರು. "ಎಂತ ಕಂಡು ಒಪ್ಪಿದೆ?" ಎಂದು ಅವಳದೇ ಭಾಷೆಯಲ್ಲಿ ಕೇಳಿದೆ. "ಇಷ್ಟು ವರ್ಷದಲ್ಲಿ ಸಾಂಬಾರಿಗೆ ಮತ್ತೆ ಸಕ್ಕರೆ ಕೇಳದ ಗುಜರಾತಿ ಇವರೊಬ್ಬರೇ ಮಾರಾಯ್ತಿ" ಎಂದಳು. ಇದಕ್ಕಿಂತ ಗಟ್ಟಿಯಾದ ಕಾರಣ ಇಟ್ಟುಕೊಂಡು ಮದುವೆಯಾದವರನ್ನು ನಾನು ನೋಡಿಲ್ಲ, ನನ್ನನ್ನೂ ಸೇರಿಸಿ.

ಸಮುದ್ರ ಅವಳ ಹಟ. "ಈ ವಯಸ್ಸಿನಲ್ಲಿ ಹಾಲ್‌ನಲ್ಲಿ ಕೂತರೆ ಬಂದವರೆಲ್ಲ ನನ್ನನ್ನೇ ನೋಡ್ತಾರೆ. ಸಮುದ್ರದ ಎದುರು ಕೂತರೆ ಅದನ್ನಾದರೂ ನೋಡಲಿ" ಎನ್ನುವುದು ಅವಳ ವಾದ. ಸೂರತ್ತಿನ ಹೊರಗೆ ಡುಮಸ್‌ನ ಕಪ್ಪು ಮರಳಿನ ದಂಡೆಯ ಪಕ್ಕ ಒಂದು ರೆಸಾರ್ಟ್ ಗೊತ್ತುಮಾಡಿದರು. ಕತ್ತಲಾದ ಮೇಲೆ ಅಲ್ಲಿ ದೆವ್ವ ಓಡಾಡುತ್ತದೆ ಎಂದು ಊರವರು ಹೇಳುತ್ತಾರೆ; ಬೆಳಕಿರುವಾಗ ಅದೇ ಊರವರು ಟೊಮೇಟೊ ಭಜಿ ತಿನ್ನಲು ಅಲ್ಲಿಗೇ ನುಗ್ಗುತ್ತಾರೆ. ಐದು ವಾರ ಮೊದಲು ಸಂಜೆ ಹೋಗಿ ನೋಡಿದಾಗ ಸಮುದ್ರ ಕಾಲ ಬುಡಕ್ಕೇ ಬಂದು ನಮಸ್ಕಾರ ಮಾಡಿತ್ತಂತೆ. ಸೂರತ್ತಿನ ಉಧ್ನಾದಲ್ಲಿರುವ ಉಡುಪಿ ಕಡೆಯ ಭಟ್ಟರು ಗೋಧೂಳಿ ಮುಹೂರ್ತ ಇಟ್ಟರು. ಬಯಲುಸೀಮೆಯವಳಾದ ನಾನು ಸುಮ್ಮನಿರಲಾರದೆ, "ಆ ಹೊತ್ತಿಗೆ ಸಮುದ್ರ ಇರುತ್ತಲ್ಲ?" ಎಂದುಬಿಟ್ಟೆ. ಹೋಟೆಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ಮಲ್ಪೆಯಲ್ಲಿ ಹುಟ್ಟಿದವಳಿಗೆ ಸಮುದ್ರದ ಪಾಠ ಹೇಳ್ತೀಯಾ? ಅದೆಂತ ಸಿಟಿ ಬಸ್ಸಾ, ಉಂಟಾ ಇಲ್ವಾ ಅಂತ ಕೇಳಲಿಕ್ಕೆ?" ಎಂದಳು ಜಯಂತಿ.

ನಿಜವಾದ ಕಷ್ಟ ಬೇರೆಡೆ ಇತ್ತು. ಜಯಂತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಮ್ಮ ಸತ್ತ ಮೇಲೆ ಮಲ್ಪೆಯಲ್ಲಿ ಅವಳನ್ನು ಸಾಕಿದವರು ದೊಡ್ಡಮ್ಮ. ಧಾರೆ ಎರೆಯಬೇಕಾದವರು ಅವರು ಮತ್ತು ದೊಡ್ಡಪ್ಪ. ದೊಡ್ಡಪ್ಪ ನಿವೃತ್ತ ಮೇಷ್ಟ್ರು, ಏನು ಹೇಳಿದರೂ "ಆಗಬಹುದು" ಎನ್ನುವ ಜೀವ. ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಹೊಯಿಗೆ ಮೇಲೆ ಕೂತು ಮದುವೆ ಆಗಲಿಕ್ಕೆ ನೀವೆಂತ ಏಡಿಗಳಾ? ನಾನು ಬರ್ತೇನೆ. ಊಟ ಮಾಡ್ತೇನೆ. ಧಾರೆಗೆ ನಿಲ್ಲುವುದಿಲ್ಲ." ಅವರು ನಿಲ್ಲದಿದ್ದರೆ ದೊಡ್ಡಪ್ಪನೂ ನಿಂತಂತಲ್ಲ, ಕೈ ಒಡ್ಡುವವರು ಅವರಾದರೂ ನೀರು ಬಿಡುವ ಕೈ ಹೆಂಡತಿಯದೇ ಆಗಬೇಕು.

"ಬೇರೆ ಯಾರನ್ನಾದರೂ ನಿಲ್ಲಿಸೋಣ" ಎಂದೆ.

"ನಿಲ್ಲಿಸಬಹುದು. ಶಾಸ್ತ್ರಕ್ಕೆ ಸಾಕಾಗ್ತದೆ. ನನಗೆ ಸಾಕಾಗುವುದಿಲ್ಲ" ಎಂದಳು ಜಯಂತಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಊರಿಗೇ ಬೈಯುವವಳ ದನಿ ಆಗ ತೀರಾ ಸಣ್ಣದಾಗಿತ್ತು. "ಅವರು ಮೊದಲೇ ಬರ್ತಿದ್ದಾರೆ. ನೀನು ಸುತ್ತಾಡಿಸು, ತಿನ್ನಿಸು. ಹೇಗಾದರೂ ಮಾಡಿ ಒಪ್ಪಿಸು."

ಹೀಗೆ, ಫೋಟೋದಲ್ಲಿ ನಗಬೇಕಾದ ಬ್ರೈಡ್ಸ್‌ಮೇಡ್ ಪ್ರವಾಸಿ ಗೈಡ್ ಆದಳು. ಅತಿಥಿಗಳಿಗೆ ಊರು ತೋರಿಸುವುದು ವಿಚಿತ್ರ ಕೆಲಸ. ನಾವು ಎಂದೂ ಹೋಗದ ಜಾಗಗಳಿಗೆ, ಅವರಿಗೂ ಬೇಡದ ಹೊತ್ತಿನಲ್ಲಿ ಕರೆದುಕೊಂಡು ಹೋಗಿ, ನಾವೇ ಕಟ್ಟಿಸಿದವರ ಹಾಗೆ ಎದೆಯುಬ್ಬಿಸಿ ನಿಲ್ಲಬೇಕು. ಅವರು ಚೆನ್ನಾಗಿಲ್ಲ ಎಂದರೆ ನಮಗೇ ಅವಮಾನ.

ರೈಲಿಳಿದ ದೊಡ್ಡಮ್ಮನ ಕೈಯಲ್ಲಿ ಒಂದು ಸ್ಟೀಲಿನ ಬಾಟಲಿ ಇತ್ತು, ಮುಚ್ಚಳದ ಮೇಲೆ ಬಿಳಿ ಬಟ್ಟೆ ಬಿಗಿದು ಕಟ್ಟಿದ್ದು. ಊರಿನ ನೀರಂತೆ. ಅದನ್ನು ಹೊರುವ ಭಾಗ್ಯ ನನ್ನದಾಯಿತು. ವಡೋದರಾದ ಅರಮನೆಯಲ್ಲಿ ದೊಡ್ಡಪ್ಪ ಬಿ.ಪಿ. ಮಾತ್ರೆ ನುಂಗಲು ಅದಕ್ಕೆ ಕೈ ಹಾಕಿದರು. "ಅದನ್ನು ಮುಟ್ಟಬೇಡಿ" ಎಂದು ದೊಡ್ಡಮ್ಮ ಕಿರುಚಿದ ರಭಸಕ್ಕೆ ಕಾವಲುಗಾರ ಓಡಿ ಬಂದ. ಅವರೂ ಕುಡಿಯಲಿಲ್ಲ, ನಮಗೂ ಕೊಡಲಿಲ್ಲ. ಗುಜರಾತಿನ ನೀರು ಕೈಕೊಟ್ಟರೆ ತುರ್ತಿಗಿರಲಿ ಎಂದು ತಂದಿರಬೇಕೆಂದುಕೊಂಡು, ಇಂಥ ಜಿಪುಣತನವನ್ನು ಮನಸ್ಸಿನಲ್ಲೇ ಹೊಗಳಿದೆ. ಅಷ್ಟು ದೊಡ್ಡ ಅರಮನೆಯ ಬಗ್ಗೆ ಅವರ ಅಭಿಪ್ರಾಯ, "ಇದನ್ನು ಗುಡಿಸುವವರ ಸೊಂಟ ಉಳಿದೀತಾ?"

ಮರುದಿನ ಅಹಮದಾಬಾದ್. ಮೊದಲು ಊರಾಚೆಯ ಅಡಾಲಜ್‌ನ ಮೆಟ್ಟಿಲುಬಾವಿಗೆ ಕರೆದೊಯ್ದೆ. ಮೊಣಕಾಲನ್ನು ಬೈದುಕೊಳ್ಳುತ್ತ ಕೆಳಗಿಳಿದು, ಕಲ್ಲಿನ ಕೆತ್ತನೆ, ಕಂಬ, ತಂಪು ಎಲ್ಲವನ್ನೂ ವರ್ಣಿಸಿದೆ. ದೊಡ್ಡಮ್ಮ ಬಗ್ಗಿ ನೋಡಿ, "ನೀರೆಲ್ಲಿ?" ಎಂದರು. ತೋರಿಸಿದೆ. "ಇಷ್ಟು ಮೆಟ್ಟಿಲಿಗೆ ಇಷ್ಟೇ ನೀರಾ?" ಸಾಬರಮತಿ ದಂಡೆಯಲ್ಲಿ ನೀರು ತುಂಬಿ ತುಳುಕುತ್ತಿತ್ತು, ಈ ಸಲ ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಕಂಡವರನ್ನೆಲ್ಲ ವಿಚಾರಿಸುವ ಚಟದ ದೊಡ್ಡಪ್ಪ, ಈ ನೀರು ನರ್ಮದೆಯ ಕಾಲುವೆಯಿಂದ ಬರುವುದೆಂದು ಕಾರಿನ ಚಾಲಕನಿಂದ ತಿಳಿದುಕೊಂಡು ಪ್ರಕಟಿಸಿದರು. "ಹಾಗಾದರೆ ನದಿ ಅಂತ ಯಾಕೆ ಹೇಳುವುದು, ಟ್ಯಾಂಕಿ ಅನ್ನಿ" ಎಂದರು ದೊಡ್ಡಮ್ಮ. ನಡುವೆ ನಾನು ಮದುವೆಯ ವಿಷಯ ತೂರಿಸಲು ನೋಡಿದೆ. ಧಾರೆ ಎರೆಯುವುದು ದೊಡ್ಡ ಪುಣ್ಯವಂತೆ ಎಂದೆ. "ಜಯಂತಿ ಆ ಮನುಷ್ಯನನ್ನು ಏನಂತ ಕರೀತಾಳೆ?" ಎಂದು ಕೇಳಿದರು. ಭರತಭಾಯಿ ಎಂದೆ. "ಕಟ್ಟಿಕೊಳ್ಳುವವನನ್ನು ಭಾಯಿ ಅಂತ ಕರೆಯುವವಳಿಗೆ ನಾನು ಧಾರೆ ಎರೆಯಬೇಕಾ?" ಅಲ್ಲಿಗೆ ಪುಣ್ಯದ ಮಾತು ಮುಗಿಯಿತು.

ಮದುವೆಯ ಸಂಜೆ ಡುಮಸ್ ತಲುಪಿದೆವು. ಮಂಟಪ ಚೆನ್ನಾಗಿತ್ತು, ಹೂವು ಚೆನ್ನಾಗಿತ್ತು, ಕುರ್ಚಿಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ಶಿಸ್ತಾಗಿ ಕೂತಿದ್ದವು. ಸಮುದ್ರ ಮಾತ್ರ ಇರಲಿಲ್ಲ.

ಇರಲಿಲ್ಲ ಎಂದರೆ ಇರಲೇ ಇಲ್ಲ. ಕಣ್ಣು ಹಾಯುವವರೆಗೆ ಕೆಸರು. ಕೆಸರಿನಲ್ಲಿ ಓರೆಯಾಗಿ ಕೂತ ಒಂದು ದೋಣಿ, ಅದರ ನೆರಳಿನಲ್ಲಿ ಎರಡು ನಾಯಿ. ಖಂಭಾತ್ ಕೊಲ್ಲಿ ಆಲಿಕೆಯ ಹಾಗೆ ಕಿರಿದಾಗುವುದರಿಂದ ಇಲ್ಲಿಯ ಭರತ ಇಳಿತ ಭಾರೀ ಜೋರು, ಇಳಿದಾಗ ನೀರು ಬಹುದೂರ ಹೋಗಿಬಿಡುತ್ತದೆ, ಹೊತ್ತೂ ದಿನದಿನಕ್ಕೆ ಬದಲಾಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಮಲ್ಪೆಯ ಸಮುದ್ರ ಹಿಂದೆ ಸರಿದರೂ ಕಣ್ಣಳತೆಯಲ್ಲೇ ಇರುವಂಥದ್ದು. ಸಮುದ್ರ ಮನೆ ಬಿಟ್ಟು ಹೋಗಬಹುದೆಂದು ಅಲ್ಲಿಯವರಿಗೆ ಹೊಳೆಯುವುದಾದರೂ ಹೇಗೆ? ಇವೆಂಟ್ ಮ್ಯಾನೇಜರ್ ಓಡಿ ಬಂದು, "ದರಿಯೊ ಆವ್‌ಶೇ ಬೇನ್, ರಾತ್ರೇ ಆವ್‌ಶೇ" ಎಂದು ಸಮಾಧಾನ ಹೇಳಿದ. ಸಮುದ್ರ ರಾತ್ರಿಗೆ ಬರುತ್ತದಂತೆ, ಅಲ್ಲಿಯವರೆಗೆ ಮದುವೆ ಮುಂದೂಡೋಣ ಎಂದು ಗಂಡಿನ ಕಡೆಯವರು. ಮುಹೂರ್ತ ಕಾಯುವುದಿಲ್ಲ ಎಂದು ಭಟ್ಟರು. "ಅರುಂಧತಿ ನಕ್ಷತ್ರ ತೋರಿಸಿದಾಗ ಇದುವರೆಗೆ ಯಾರಿಗಾದರೂ ಕಂಡದ್ದುಂಟಾ? ಎಲ್ಲರೂ ಕಂಡಿತು ಅಂತಲೇ ಹೇಳುವುದು. ಸಮುದ್ರವೂ ಕಂಡಿತು ಅಂತ ಹೇಳಿ, ಕೂತುಕೊಳ್ಳಿ" ಎಂದರು.

ಜಯಂತಿ ಕೂತಳು. ನಾನು ಪಾಚಿಬಣ್ಣದ ಸೀರೆಯಲ್ಲಿ, ಹೆಗಲಚೀಲದಲ್ಲಿ ದೊಡ್ಡಮ್ಮನ ಬಾಟಲಿ ಹೊತ್ತುಕೊಂಡೇ ಪಕ್ಕಕ್ಕೆ ನಿಂತೆ. ನೋಡಲು ಬೇರೇನೂ ಇಲ್ಲದ್ದರಿಂದ ಬಂದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಯಾವುದಕ್ಕೆ ಹೆದರಿದ್ದಳೋ ಅದೇ ಆಗಿತ್ತು. ಅವಳು ಮಾತ್ರ ಆ ಕೆಸರನ್ನೇ ದಿಟ್ಟಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೂ ಕರೆದೊಯ್ಯಲು ಮನೆಯವರು ಬಾರದ ಮಗುವಿನ ಮುಖ. ನನಗೆ ಅಳು ಬಂತು. ನಗಬೇಕಾದವಳು ನಾನು, ಎದುರಿಗೇ ಕ್ಯಾಮೆರಾ.

ಭಟ್ಟರು "ಧಾರೆಗೆ ಯಾರು?" ಎಂದರು. ದೊಡ್ಡಪ್ಪ ಎದ್ದು ನಿಂತು ಹೆಂಡತಿಯತ್ತ ನೋಡಿದರು. ದೊಡ್ಡಮ್ಮ ಮೊದಲ ಸಾಲಿನಲ್ಲಿ ಕೂತು ಸಮುದ್ರವಿರಬೇಕಾದ ಕಡೆಯೇ ನೋಡುತ್ತಿದ್ದರು. ಆಮೇಲೆ ಇಡೀ ದಂಡೆಗೆ ಕೇಳುವ ಹಾಗೆ ಹೇಳಿದರು: "ಎಂತ ಸಮುದ್ರ ಮಾರಾಯ್ತಿ ಇದು! ಹುಡುಗಿಯನ್ನು ಕೂರಿಸಿ ಎದ್ದುಹೋಗಿದೆ. ಮರ್ಯಾದೆ ಬೇಡವಾ ಅದಕ್ಕೆ?" ಎದ್ದವರೇ ನೇರ ನನ್ನತ್ತ ಬಂದು ಕೈ ಚಾಚಿದರು. "ಬಾಟಲಿ ಕೊಡು."

ಕೊಟ್ಟೆ. ಹಲ್ಲಿನಿಂದ ಕಚ್ಚಿ ಬಟ್ಟೆಯ ಗಂಟು ಬಿಚ್ಚಿದರು. "ಇದು ಇವಳ ಅಪ್ಪನ ಮನೆ ಬಾವಿಯ ನೀರು ಭಟ್ಟರೇ. ಇದೇ ಇರಲಿ" ಎಂದು ಗಿಂಡಿಗೆ ಸುರಿದರು. ಜಯಂತಿ ತಲೆ ಎತ್ತಿ ನೋಡಿದಳು. ಗುಜರಾತಿನ ಬಿಸಿಲಿನಲ್ಲಿ ಬಾಯಾರಿದವರಿಗೆಲ್ಲ ಒಂದು ಗುಟುಕೂ ಸಿಗದ ನೀರು ದೊಡ್ಡಮ್ಮನ ಕೈಯಿಂದ ದೊಡ್ಡಪ್ಪನ ಬೆರಳಿಗೆ, ಅಲ್ಲಿಂದ ಜಯಂತಿಯ ಕೈಗೆ, ಭರತಭಾಯಿಯ ಕೈಗೆ ಇಳಿಯಿತು. ಜಯಂತಿ ಗಟ್ಟಿಯಾಗಿ ಅತ್ತಳು, ಹೋಟೆಲಿನಲ್ಲಿ ಬೈಯುವಷ್ಟೇ ಗಟ್ಟಿಯಾಗಿ. ಫೋಟೋಗಳಲ್ಲಿ ನಾನು ನಗುತ್ತಿಲ್ಲ. ಆ ಕಾಲೇಜು ಹುಡುಗಿ ಇವತ್ತಿಗೂ ಅದನ್ನು ಮರೆತಿಲ್ಲ.

ಊಟ ರೆಸಾರ್ಟಿನ ಹುಲ್ಲುಹಾಸಿನ ಮೇಲೆ, ಜಯಂತಿಯ ಹೋಟೆಲಿನವರೇ ಬಾಳೆಲೆಯಲ್ಲಿ ಬಡಿಸಿದರು. ನಾನು ದೊಡ್ಡಮ್ಮನ ಪಕ್ಕ ಕೂತು, "ಹಾಗಾದರೆ ಊರಲ್ಲೇ ಒಪ್ಪಿಕೊಂಡು ಬಂದಿದ್ರಾ? ನಾನು ಕಾಲು ಸವೆಸಿದ್ದು ದಂಡವಾ?" ಎಂದೆ.

"ಒಪ್ಪಿದ್ದು ಯಾರು? ನೀರು ತಂದಿದ್ದೆ, ಅಷ್ಟೇ. ತಂದ ಮೇಲೆ ಎರೆಯಲೇಬೇಕು ಅಂತ ಉಂಟಾ? ವಾಪಸು ತಗೊಂಡು ಹೋಗ್ತಿದ್ದೆ" ಎಂದರು. ನನ್ನ ಅರಮನೆ, ಬಾವಿ, ನದಿ ಎಲ್ಲ ಸೇರಿಯೂ ಮಾಡಲಾಗದ ಕೆಲಸವನ್ನು ಒಂದು ಸಮುದ್ರ ಸುಮ್ಮನೆ ಬಾರದೆ ಇದ್ದು ಮಾಡಿ ಮುಗಿಸಿತ್ತು.

ಹೋಳಿಗೆ ಬಡಿಸುವ ಹೊತ್ತಿಗೆ ಕತ್ತಲಲ್ಲಿ ಸರಸರ ಸದ್ದಾಯಿತು. ಯಾರೋ ಕೂಗಿದರು. ಸಮುದ್ರ ವಾಪಸು ಬಂದಿತ್ತು. ಮಂಟಪದ ಮೆಟ್ಟಿಲು ಮುಟ್ಟಿ, ಮುಂದಿನ ಸಾಲಿನ ಕುರ್ಚಿಗಳ ಕೆಳಗೆ ನುಸುಳಿ, ಯಾರದೋ ಚಪ್ಪಲಿಯನ್ನು ಎತ್ತಿಕೊಂಡು ಆಡುತ್ತಿತ್ತು. ಹುಡುಗಿಯರು ಫೋನ್ ಹಿಡಿದು ಓಡಿದರು. ಜಯಂತಿ ಎಲೆಯ ಮುಂದಿನಿಂದ ಏಳಲಿಲ್ಲ, ಗಂಡನ ಎಲೆಗೆ ತುಪ್ಪ ಬಡಿಸುತ್ತಿದ್ದಳು.

"ಬಂತಾ?" ಎಂದರು ದೊಡ್ಡಮ್ಮ, ತಲೆ ಎತ್ತದೆ ಹೋಳಿಗೆ ಮುರಿಯುತ್ತ.

"ಬಂತು ದೊಡ್ಡಮ್ಮ."

"ಧಾರೆಗೆ ಇಲ್ಲ, ಊಟಕ್ಕೆ ಮಾತ್ರ ಸರಿಯಾಗಿ ಬಂತು ನೋಡು. ನಾನು ಬಾಯಲ್ಲಿ ಹೇಳಿದ್ದನ್ನು ಅದು ಮಾಡಿಯೇ ತೋರಿಸಿತು." ತಲೆ ಎತ್ತಿ ಕತ್ತಲಿನತ್ತ ನೋಡಿದರು. "ಇರಲಿ, ದೂರದಿಂದ ಬಂದಿದೆ. ಅದಕ್ಕೂ ಒಂದು ಎಲೆ ಹಾಕು."

ಬ್ರೈಡ್ಸ್‌ಮೇಡ್ ಆದವಳ ಕೆಲಸ ಏನೆಂದು ಕೊನೆಗೂ ಒಬ್ಬರು ಸ್ಪಷ್ಟವಾಗಿ ಹೇಳಿದ್ದರು. ನಾನು ಮೊಣಕಾಲು ಹಿಡಿದು ಎದ್ದು, ಎಲೆ ತರಲು ಹೋದೆ.