ತಮ್ಮನ ತೊಟ್ಟಿಯ ಮರಳು

ಪೈಪಿನಿಂದ ತಳದ ಮರಳು ಕೆದಕುತ್ತಿದ್ದಂತೆ ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅದು ಆಸ್ಪತ್ರೆ ಸೇರಿದ್ದ ನನ್ನ ತಮ್ಮನ ಅಕ್ವೇರಿಯಂ. ಉಪ್ಪುನೀರು, ಹವಳ, ಸಮುದ್ರದ ಆರು ಮೀನು. ಅವನು ಬರುವಷ್ಟರಲ್ಲಿ ಸ್ವಚ್ಛ ಮಾಡಿಡೋಣವೆಂದು ಮೂಡಲಪಾಳ್ಯದ ಅವನ ಮನೆಗೆ ಹೋಗಿದ್ದೆ. ಗಾಬರಿಯಾಗಿ ಪಂಪ್ ಜೋರು ಮಾಡಿದೆ, ಫಿಲ್ಟರ್ ತೊಳೆದೆ. ಸಂಜೆಯೊಳಗೆ ಆರೂ ಸತ್ತು ತೇಲಿದವು.

ಅಕ್ವೇರಿಯಂ ಅಂಗಡಿಯವರಿಗೆ ಫೋನ್ ಮಾಡಿದರೆ, “ಹಳೇ ಮರಳನ್ನ ಒಂದೇ ಸಲ ಕೆದಕ್ಬಾರ್ದು ಸಾರ್, ಅಡೀಲಿರೋ ವಿಷ ಎಲ್ಲಾ ಮೇಲೆ ಬರುತ್ತೆ,” ಎಂದರು.

ಮರುದಿನ ಆಸ್ಪತ್ರೆಯಲ್ಲಿ ತಮ್ಮ ಕೇಳಿದ, “ಮೀನು ಹೇಗಿದಾವೆ ಅಣ್ಣ?”

“ಚೆನ್ನಾಗಿದಾವೆ ಕಣೋ,” ಎಂದೆ. ಅವನು ನಕ್ಕ. ಆ ವಾರವೇ ತೀರಿಕೊಂಡ.

ಸುಳ್ಳು ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವನು ಅದನ್ನು ನಂಬಿ ನಕ್ಕಿದ್ದು ನೆನಪಾದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಎದ್ದುಬಿಡುತ್ತೇನೆ.