ಬಹುದು ಸಾಹೇಬರು
"ಮೂವತ್ತು ವರ್ಷ ಸರ್ವಿಸು, ನನ್ನ ಮೇಲೆ ಒಂದು ಕೇಸೂ ನಿಂತಿಲ್ಲ" ಎಂದು ರಸ್ತೆ ಫಲಕಗಳ ಇಂಜಿನಿಯರ್ ಸಾಹೇಬರು ಎದೆಯುಬ್ಬಿಸಿದರೆ ಅಂಗಿಯ ಗುಂಡಿ ಹಾರಿ ಎದುರು ಮೇಜಿಗೆ ಬೀಳುತ್ತಿತ್ತು. ಇಲಾಖೆಯ ನಿಯಮಪುಸ್ತಕ ಅವರಿಗೆ ಬಾಯಿಪಾಠ: 'ಹಾಕತಕ್ಕದ್ದು' ಎಂದಿದ್ದರೆ ಫಲಕ ಹಾಕಲೇಬೇಕು, 'ಹಾಕಬಹುದು' ಎಂದಿದ್ದರೆ ಇಂಜಿನಿಯರರ ವಿವೇಚನೆ, ಹಾಕದಿದ್ದರೂ ಯಾವ ಕೋರ್ಟೂ ಕೇಳದು. ಆ 'ಬಹುದು' ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಹೆಂಡತಿ "ಊಟ ಬಡಿಸಲಾ?" ಎಂದರೆ "ಬಡಿಸಬಹುದು", ಮನೆಗೆ ಬೆಂಕಿ ಬಿದ್ದಿದೆ ಎಂದರೂ "ಆರಿಸಬಹುದು" ಎನ್ನುವ ಆಸಾಮಿ. ಶಾಲೆಯ ತಿರುವಿಗೊಂದು ಎಚ್ಚರಿಕೆ ಫಲಕ ಬೇಕೆಂದು ಹೆಡ್‌ಮೇಡಂ ಮೂರು ಸಲ ಅರ್ಜಿ ಕೊಟ್ಟಾಗಲೂ "ಬಹುದು ಅಂತಿದೆ ಮೇಡಂ, ನೋಡೋಣ" ಎಂದೇ ಕಳಿಸಿದ್ದರು. ಅದೇ ತಿರುವಿನಲ್ಲಿ ಒಬ್ಬ ಹುಡುಗಿ ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡಳು. ಕೋರ್ಟು ಪುಸ್ತಕದ 'ಬಹುದು' ಓದಿತು, ಕೇಸು ನಿಲ್ಲಲಿಲ್ಲ. ನಿಂತವರು ಸಾಹೇಬರು. ಈಗ ಅಲ್ಲಿ ಫಲಕವಿದೆ. ಆದರೂ ನಿವೃತ್ತರಾದ ಇವರು ದಿನಾ ಬೆಳಿಗ್ಗೆ ಶಾಲೆಯ ಹೊತ್ತಿಗೆ ಕೆಂಪು ಬಾವುಟ ಹಿಡಿದು, ಅದರ ಪಕ್ಕ ಇನ್ನೊಂದು ಕಂಬದಂತೆ ನಿಂತಿರುತ್ತಾರೆ. "ಕೋರ್ಟೇ ಬಿಟ್ಟಾಯ್ತಲ್ರೀ, ಇನ್ನಾದ್ರೂ ಮನೇಲಿರಬಹುದಲ್ಲ?" ಎಂದು ಹೆಂಡತಿ ಕೊಡೆ ತಂದು ಕೊಟ್ಟರೆ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಇರಬಹುದು ಕಣೇ. ಆದ್ರೆ ಇಲ್ಲಿ ನಿಲ್ಲತಕ್ಕದ್ದು."